ಮೊದಲ ಕತ್ತಿ ಕೊಳ್ಳುವ ಮುನ್ನ

ಮುಂಬಯಿ–ನಾಸಿಕ ಹೆದ್ದಾರಿಯಲ್ಲಿ ಮಾಣ್ಕೋಲಿ ದಾಟಿದ ಮೇಲೆ ಎರಡೂ ಬದಿಗೆ ಗೋದಾಮುಗಳೇ ಗೋದಾಮುಗಳು. ಭಿವಂಡಿ ಎಂದರೆ ಒಂದು ಕಾಲಕ್ಕೆ ಪವರ್‌ಲೂಮಿನ ಖಟಖಟ ಸದ್ದು ಮಾತ್ರ ನೆನಪಾಗುತ್ತಿತ್ತು. ಮಗ್ಗಗಳು ಈಗಲೂ ಇವೆ. ಅವುಗಳ ಜೊತೆಗೆ ಈಗ ತಗಡಿನ ಚಾವಣಿಯ ಉದ್ದನೆಯ ಶೆಡ್ಡುಗಳು, ಸಾಲುಗಟ್ಟಿ ನಿಂತ ಟೆಂಪೋಗಳು, ಕಂದು ಬಣ್ಣದ ರಟ್ಟಿನ ಪೆಟ್ಟಿಗೆಗಳು ಸೇರಿಕೊಂಡಿವೆ. ಠಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿ ಫೋನಿನ ಮೇಲೆ ಬೆರಳಾಡಿಸಿ ತರಿಸುವ ಎಷ್ಟೋ ಸಾಮಾನು ಹೊರಡುವುದು ಇಲ್ಲಿಂದಲೇ. ಚಪ್ಪಲಿ, ಚಾರ್ಜರು, ಮಿಕ್ಸರ್ ಜಾರುಗಳ ನಡುವೆ ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಮಡಚುವ ಕ್ಷೌರದ ಕತ್ತಿಯೂ ಇರುತ್ತದೆ.

ಆ ಪೆಟ್ಟಿಗೆಯನ್ನು ತರಿಸಿಕೊಳ್ಳುವವನನ್ನು ಊಹಿಸುವುದು ಕಷ್ಟವಲ್ಲ. ಕಾಮತ್‌ಘರ್ ಕಡೆ ಬಾಡಿಗೆ ಮನೆ, ಗೋದಾಮೊಂದರಲ್ಲಿ ಲೆಕ್ಕದ ಕೆಲಸ, ವಿಜಯಪುರ ಜಿಲ್ಲೆಯ ಊರು, ಮೂವತ್ತರ ಆಸುಪಾಸಿನ ವಯಸ್ಸು ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ಕಿನ ರೇಜರುಗಳನ್ನು ತಿಂಗಳಿಗಿಷ್ಟು ಎಂದು ಎಸೆದೆಸೆದು ಬೇಸತ್ತಿದ್ದಾನೆ. ನಾಲ್ಕಾರು ವಿಡಿಯೋ ನೋಡಿದ್ದಾನೆ. ಒಂದೂವರೆ ಸಾವಿರ ರೂಪಾಯಿಗೆ ಬೀಟೆ ಮರದ ಹಿಡಿ, ಅಲೆಅಲೆಯಾಗಿ ಕಾಣುವ ಉಕ್ಕು, ಚರ್ಮದ ಚೀಲ ಎಲ್ಲ ಸೇರಿದ ಸೆಟ್ಟು ಸಿಕ್ಕಿದೆ. ಭಾನುವಾರ ಬೆಳಿಗ್ಗೆ ನೊರೆ ಹಚ್ಚಿಕೊಂಡು ಕೆನ್ನೆಗೆ ಇಟ್ಟರೆ ಕತ್ತಿ ಕೂದಲನ್ನು ಕೊಯ್ಯುವುದಿಲ್ಲ, ಹಿಡಿದು ಎಳೆಯುತ್ತದೆ. ಒತ್ತಿದರೆ ಚರ್ಮ ಹರಿಯುತ್ತದೆ. ಎರಡು ವಾರಕ್ಕೆ ಅದು ಕಪಾಟಿನ ಮೂಲೆ ಸೇರುತ್ತದೆ. ಅಜ್ಜನ ಕಾಲದವರು ಇದರಲ್ಲಿ ಹೇಗೆ ದಾಡಿ ಮಾಡಿಕೊಳ್ಳುತ್ತಿದ್ದರೋ, ಅವರ ಚರ್ಮವೇ ಬೇರೆ ಇತ್ತೋ ಏನೋ ಎಂದುಕೊಂಡು ಆತ ಮತ್ತೆ ಪ್ಲಾಸ್ಟಿಕ್ಕಿಗೆ ಮರಳುತ್ತಾನೆ.

ಅಜ್ಜನ ಕಾಲದವರ ಚರ್ಮ ಬೇರೆ ಇರಲಿಲ್ಲ. ಅವರ ಕತ್ತಿಯನ್ನು ಯಾರೋ ಬಲ್ಲವರು ಮಸೆದಿರುತ್ತಿದ್ದರು. ಇವನ ಕೈಗೆ ಬಂದದ್ದನ್ನು ಯಾರೂ ಮಸೆದಿರಲಿಲ್ಲ. ಮೊದಲ ಕತ್ತಿ ಆರಿಸುವಾಗ ಯಾವ ಕಂಪನಿಯದು, ಎಷ್ಟು ಬೆಲೆ, ಹಿಡಿ ಕೊಂಬಿನದೋ ಮರದ್ದೋ ಎಂದು ಕೇಳುವವರೇ ಹೆಚ್ಚು. ಇದನ್ನು ಮಸೆದವರು ಯಾರು, ಮೊಂಡಾದಾಗ ಮಸೆಯುವವರು ಯಾರು ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಆ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ಭಿವಂಡಿಯಂಥ ಊರಿನಲ್ಲಿ ಅಂಗಡಿಗಿಂತ ಮೊದಲು ಮನುಷ್ಯರು ಎದುರಾಗುತ್ತಾರೆ.

ಕತ್ತಿಯನ್ನು ನೋಡುವುದು ಹೇಗೆ

ಮೊದಲು ವಸ್ತುವಿನ ವಿಚಾರ. ಕ್ಷೌರದ ಕತ್ತಿಗೆ ಬೆನ್ನು, ಬಾಯಿ, ಮೂತಿ, ಬಾಲ ಎಂಬ ನಾಲ್ಕು ಭಾಗ ಗುರುತಿಸಿಕೊಂಡರೆ ಸಾಕು. ದಪ್ಪಗಿರುವ ಮೇಲ್ಭಾಗ ಬೆನ್ನು, ಕೊಯ್ಯುವ ಅಂಚು ಬಾಯಿ, ತುದಿ ಮೂತಿ, ಕಿರುಬೆರಳು ಆನಿಸುವ ಹಿಂಬದಿಯ ಡೊಂಕು ಬಾಲ. ಹಿಡಿಯ ಕೆಲಸ ಮಡಚಿದಾಗ ಬಾಯಿಯನ್ನು ಮುಚ್ಚಿಡುವುದು ಅಷ್ಟೇ. ಜಾಹೀರಾತಿನ ಚಿತ್ರದಲ್ಲಿ ಕಣ್ಣಿಗೆ ಹೊಡೆಯುವುದು ಹಿಡಿ. ಮುಖಕ್ಕೆ ತಾಗದ ಭಾಗವೂ ಅದೊಂದೇ.

ಅಗಲವನ್ನು ಅಂಗುಲದ ಎಂಟನೇ ಭಾಗಗಳಲ್ಲಿ ಹೇಳುವುದು ರೂಢಿ. 5/8 ಎಂದರೆ ಬೆನ್ನಿನಿಂದ ಬಾಯಿಯವರೆಗೆ ಸುಮಾರು 16 ಮಿಲಿಮೀಟರ್, 6/8 ಎಂದರೆ 19. ಇನ್ನೂ ಅಗಲವಾದದ್ದು ಹೆಚ್ಚು ನೊರೆ ಹೊರುತ್ತದೆ, ತೂಕವಿರುತ್ತದೆ, ಆದರೆ ಮೂಗಿನ ಕೆಳಗೆ ತಿರುಗಿಸುವುದು ಕಷ್ಟ. ತೀರಾ ಕಿರಿದಾದದ್ದು ಕೈಯಲ್ಲಿ ನಿಲ್ಲುವುದಿಲ್ಲ. ಹೊಸಬರಿಗೆ 5/8 ಅಥವಾ 6/8 ಸಾಕು.

ಎರಡನೆಯದು ಅಲಗಿನ ಅಡ್ಡಸೀಳು. ಹಳೆಯ ಶೆಫೀಲ್ಡ್ ಕತ್ತಿಗಳಲ್ಲಿ ಹಲವು ಬೆಣೆಯ ಹಾಗೆ, ಬೆನ್ನಿನಿಂದ ಬಾಯಿಗೆ ನೇರವಾಗಿ ಇಳಿಯುತ್ತವೆ. ಜರ್ಮನಿಯ ಸೋಲಿಂಗನ್ನಿನವರು ಹೆಸರು ಮಾಡಿದ್ದು ಎರಡೂ ಮಗ್ಗುಲನ್ನು ಒಳಕ್ಕೆ ಕೊರೆದು ಅಲಗನ್ನು ಕಾಗದದಂತೆ ತೆಳ್ಳಗೆ ಮಾಡುವ ಕೆಲಸಕ್ಕೆ. ಪೂರ್ತಿ ಕೊರೆದ ಅಲಗು ಮುಖದ ಮೇಲೆ ಆಡುವಾಗ ಸಣ್ಣಗೆ ಸದ್ದು ಮಾಡುತ್ತದೆ. ಬಳಸಿ ಪಳಗಿದವರಿಗೆ ಆ ಸದ್ದೇ ಕೋನ ಸರಿಯಿದೆ ಎಂಬ ಸೂಚನೆ. ಆದರೆ ಅದು ಬಳುಕುತ್ತದೆ, ಒತ್ತಡ ಜಾಸ್ತಿಯಾದರೆ ಸಹಿಸುವುದಿಲ್ಲ. ಬೆಣೆಯಂಥದ್ದು ಗಟ್ಟಿ, ಆದರೆ ಕಲ್ಲಿನ ಮೇಲೆ ಮಸೆಯುವಾಗ ಹೆಚ್ಚು ಉಕ್ಕನ್ನು ಸವೆಸಬೇಕಾಗುತ್ತದೆ. ಮೊದಲ ಕತ್ತಿಗೆ ಇವೆರಡರ ನಡುವಿನದು, ಅರೆ ಕೊರೆದದ್ದು, ಒಳ್ಳೆಯ ಒಪ್ಪಂದ.

ಮೂತಿ ದುಂಡಗಿರಲಿ. ಚೌಕ ಮೂತಿಯ ಮೂಲೆ ಮೀಸೆಯ ಅಂಚನ್ನು ತಿದ್ದಲು ಅನುಕೂಲ. ಹೊಸಬರ ಕೈಯಲ್ಲಿ ಅದೇ ಮೂಲೆ ಕಿವಿಯ ಹಾಲೆಗೆ ತಾಗುತ್ತದೆ.

ಉಕ್ಕಿನ ವಿಚಾರದಲ್ಲಿ ಭಿವಂಡಿಯಂಥ ಊರಿನವರು ಕೊಂಚ ಯೋಚಿಸಬೇಕು. ಹಳೆಯ ಕತ್ತಿಗಳೆಲ್ಲ ಬಹುಪಾಲು ಇಂಗಾಲದ ಉಕ್ಕು, ಅಂದರೆ ತುಕ್ಕು ಹಿಡಿಯುವ ಜಾತಿ. ಈ ಜಿಲ್ಲೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುತೇಕ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆ ದಿನಗಳಲ್ಲಿ ಒಗೆದ ಬನಿಯನ್ನು ಒಣಗುವುದಿಲ್ಲ. ಬಚ್ಚಲುಮನೆಯ ಕನ್ನಡಿಯ ಹಿಂದೆ ಇಟ್ಟ ಕತ್ತಿಗೆ ಒಂದೇ ರಾತ್ರಿಯಲ್ಲಿ ಕೆಂಪು ಚುಕ್ಕೆ ಬರುತ್ತದೆ. ಹಾಗೆಂದು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿಗೇ ಹೋಗಬೇಕೆಂದಿಲ್ಲ. ಅದು ಕಲ್ಲಿನ ಮೇಲೆ ಸುಲಭವಾಗಿ ಬಗ್ಗುವುದಿಲ್ಲ, ಮಸೆಯಲು ಕಲಿಯುವವರ ತಾಳ್ಮೆ ಪರೀಕ್ಷಿಸುತ್ತದೆ. ಇಂಗಾಲದ ಉಕ್ಕನ್ನು ಕೊಂಡು, ಪ್ರತಿ ಸಲ ಒರೆಸಿ, ಒಣಗಿಸಿ, ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ ಒಂದು ಹನಿ ಸವರಿ, ಬಚ್ಚಲಿನಿಂದ ಹೊರಗಿಡುವುದು ವಾಸಿ. ಯಂತ್ರಕ್ಕೆ ಎಣ್ಣೆ ಬಿಡುವ ಅಭ್ಯಾಸ ಮಗ್ಗದ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಹೆಸರುಗಳು. ಸೋಲಿಂಗನ್ ಎಂಬ ಊರಿನ ಹೆಸರನ್ನು ಕಂಡಕಂಡವರು ಬಳಸದಂತೆ ಜರ್ಮನಿಯಲ್ಲಿ 1938ರಿಂದ ಕಾನೂನೇ ಇದೆ. 1906ರಲ್ಲಿ ಶುರುವಾದ ಡೋವೋ ಅಲ್ಲಿಯದು. ಫ್ರಾನ್ಸಿನ ಥಿಯೇರ್ ಎಂಬ ಊರಿನಲ್ಲಿ 1884ರಿಂದ ಥಿಯೇರ್-ಇಸಾರ್ ಎಂಬ ಸಂಸ್ಥೆ ಕತ್ತಿ ಮಾಡುತ್ತಿದೆ. ಇಂಥವು ಹೊಸದಾಗಿ ಬೇಕೆಂದರೆ ಹತ್ತು ಸಾವಿರ ರೂಪಾಯಿಯ ಆಚೆಗೆ ಹೋಗಬೇಕು. ಮೊದಲ ಕತ್ತಿಗೆ ಅಷ್ಟು ಹಣ ಸುರಿಯುವುದು ತಪ್ಪು ಲೆಕ್ಕ. ಹೊಸಬರು ಮೊದಲ ತಿಂಗಳಲ್ಲಿ ಕತ್ತಿಯನ್ನು ನಲ್ಲಿಗೆ ತಾಗಿಸುತ್ತಾರೆ, ಚರ್ಮದ ಪಟ್ಟಿಯ ಮೇಲೆ ತಪ್ಪಾಗಿ ಹೊರಳಿಸಿ ಬಾಯಿ ಮುರಿಯುತ್ತಾರೆ, ಪಟ್ಟಿಯನ್ನೂ ಕೊಯ್ಯುತ್ತಾರೆ. ಇದು ಎಲ್ಲರಿಗೂ ಆಗುವುದೇ.

ಕೈಯಲ್ಲಿರುವ ಹಣ ಎಷ್ಟೇ ಇರಲಿ, ಅದರಲ್ಲಿ ಅರ್ಧವನ್ನು ಕತ್ತಿಗೆ, ಉಳಿದರ್ಧವನ್ನು ಪಟ್ಟಿಗೆ ಮತ್ತು ಮಸೆಯುವ ಕೂಲಿಗೆ ಎತ್ತಿಡುವುದು ಜಾಣತನ. ಸಾಧಾರಣ ಕತ್ತಿಯನ್ನು ಚೆನ್ನಾಗಿ ಮಸೆದರೆ ಅದು ಗಡ್ಡ ತೆಗೆಯುತ್ತದೆ. ದುಬಾರಿ ಕತ್ತಿಯನ್ನು ಮಸೆಯದೆ ಇಟ್ಟರೆ ಅದು ಷೋಕೇಸಿಗೆ ಲಾಯಕ್ಕು.

ಮಸೆಯುವುದೆಂದರೆ

ಕ್ಷೌರದ ಕತ್ತಿಯ ರಚನೆಯಲ್ಲಿ ಒಂದು ಸರಳ ಉಪಾಯವಿದೆ. ಕಲ್ಲಿನ ಮೇಲೆ ಮಲಗಿಸಿದಾಗ ಬೆನ್ನು ಮತ್ತು ಬಾಯಿ ಎರಡೂ ಏಕಕಾಲಕ್ಕೆ ಕಲ್ಲಿಗೆ ತಾಗುತ್ತವೆ. ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. ಎರಡೂ ಬದಿ ಸೇರಿ ಅದು ಸುಮಾರು 16ರಿಂದ 18 ಡಿಗ್ರಿ. ತರಕಾರಿ ಹೆಚ್ಚುವ ಚಾಕುವಿನ ಕೋನ ಇದರ ಎರಡು ಪಟ್ಟು ಇರಬಹುದು. ಹಾಗಾಗಿ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಗಲ್ಲಿಗಲ್ಲಿ ಕೂಗುತ್ತ ಬರುವ ಧಾರವಾಲಾನ ಕೈಗೆ ಈ ಕತ್ತಿಯನ್ನು ಕೊಡಬಾರದು. ಆತ ತನ್ನ ಕೆಲಸದಲ್ಲಿ ನಿಪುಣನೇ. ಕತ್ತರಿಗೂ ಈಳಿಗೆಗೂ ಅವನೇ ಸರಿ. ಆದರೆ ತಿರುಗುವ ಚಕ್ರದ ಬಿಸಿಗೆ ತೆಳು ಅಲಗು ನೀಲಿಗಟ್ಟಿತೆಂದರೆ ಅದರ ಹದ ಹೋಯಿತು, ಮತ್ತೆ ಅದು ಹರಿತ ಹಿಡಿಯುವುದಿಲ್ಲ.

ಕಲ್ಲುಗಳಲ್ಲಿ ಒರಟಿನಿಂದ ನಯಕ್ಕೆ ಹೋಗುವ ಮೆಟ್ಟಿಲುಗಳಿವೆ. 1000ದ ಕಲ್ಲು ಬಾಯಿಯ ಕೋನವನ್ನು ಕೂರಿಸುತ್ತದೆ, 4000 ಮತ್ತು 8000ದವು ಗೀರುಗಳನ್ನು ಅಳಿಸುತ್ತವೆ, 12000ದ್ದು ಕೊನೆಯ ನಯ ಕೊಡುತ್ತದೆ. ಇದೆಲ್ಲ ಕಲ್ಲಿನ ಕೆಲಸ, ಕೆಲವು ತಿಂಗಳಿಗೊಮ್ಮೆ. ದಿನನಿತ್ಯದ ಕೆಲಸ ಚರ್ಮದ ಪಟ್ಟಿಯದು. ಕ್ಷೌರಕ್ಕೆ ಮೊದಲು ಕತ್ತಿಯನ್ನು ಬೆನ್ನು ಮುಂದೆ ಮಾಡಿ ಎಳೆಯುವುದು, ತುದಿಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸುವುದು, ಮತ್ತೆ ಬೆನ್ನು ಮುಂದೆ ಮಾಡಿ ತರುವುದು. ಹೀಗೆ 40–60 ಸಲ. ಬಾಯಿಯ ಮೇಲೆ ಹೊರಳಿಸಿದರೆ ಆ ದಿನದ ಕೆಲಸ ಕೆಟ್ಟಂತೆ. ಓದಲು ಎರಡು ನಿಮಿಷ. ಕೈಗೆ ಹತ್ತಲು ಎರಡು ತಿಂಗಳು.

ಹೀಗಾಗಿ ಹೊಸಬರು ಕಲ್ಲುಗಳನ್ನು ಒಮ್ಮೆಲೇ ತರಿಸುವುದು ಬೇಡ. ಮಸೆದು ಸಿದ್ಧವಾಗಿರುವ ಕತ್ತಿಯನ್ನೇ ಕೊಳ್ಳಬೇಕು. ಮಾರುವವರು ಸಿದ್ಧವಿದೆ ಎಂದರೆ, ಯಾರು ಸಿದ್ಧ ಮಾಡಿದರು, ಕೈಯಿಂದ ಮಾಡಿದರೋ ಕಾರ್ಖಾನೆಯ ಚಕ್ರದಿಂದ ಬಂದ ಹಾಗೇ ಇದೆಯೋ ಎಂದು ಕೇಳಬೇಕು. ಉತ್ತರ ಬರದಿದ್ದರೆ ಕೊಳ್ಳಬಾರದು. ಮೊದಲ ದಿನ ಕೆನ್ನೆ ಮಾತ್ರ; ಚರ್ಮ ಬಿಗಿಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ವಾಲಿಸಿ, ಒತ್ತದೆ. ಗಲ್ಲ, ಮೇಲ್ದುಟಿಗಳನ್ನು ಹಳೆಯ ರೇಜರಿನಲ್ಲೇ ಮುಗಿಸಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಅರ್ಧ ಬ್ಲೇಡು ಸಿಕ್ಕಿಸುವ ಉಸ್ತರಾದಿಂದ ಶುರುಮಾಡಿ ಆಮೇಲೆ ನಿಜವಾದ ಕತ್ತಿಗೆ ಹೋಗಿ ಎಂದು ಸಲಹೆ ಕೊಡುವವರಿದ್ದಾರೆ. ಅದು ಅಗ್ಗ, ಮಸೆಯುವ ತಲೆನೋವಿಲ್ಲ ಎಂಬುದು ನಿಜ. ಆದರೆ ಬ್ಲೇಡಿನ ಅಂಚು ಮಸೆದ ಕತ್ತಿಗಿಂತ ಒರಟಾಗಿ ನಡೆದುಕೊಳ್ಳುತ್ತದೆ, ಸಣ್ಣ ತಪ್ಪಿಗೂ ರಕ್ತ ತೆಗೆಯುತ್ತದೆ. ಜೊತೆಗೆ ಪಟ್ಟಿಯ ಕೆಲಸವನ್ನು ಅದು ಕಲಿಸುವುದೇ ಇಲ್ಲ. ಕೇವಲ ನುಣುಪಾದ ದಾಡಿ ಬೇಕಾದವರಿಗೆ ಹಳೆಯ ಲೋಹದ ಸೇಫ್ಟಿ ರೇಜರು ಸಾಕು, ಅದರಲ್ಲಿ ಕೀಳರಿಮೆಯೇನೂ ಇಲ್ಲ. ಕತ್ತಿ ಬೇಕು ಎನ್ನುವವರು ಕತ್ತಿಯನ್ನೇ ಕಲಿಯಲಿ.

ಕತ್ತಿ ಕೈಬಿಟ್ಟವರು

ಭಿವಂಡಿಯ ಕಲ್ಯಾಣ ನಾಕಾದಲ್ಲೋ ಧಾಮಣ್ಕರ್ ನಾಕಾದಲ್ಲೋ ಯಾವುದೇ ಸಲೂನಿಗೆ ಹೋದರೂ ಒಂದು ದೃಶ್ಯ ಸಾಮಾನ್ಯ. ಕಾರಿಗರ್ ಹೊಸ ಬ್ಲೇಡನ್ನು ಅದರ ಕಾಗದದಲ್ಲೇ ಮಡಚಿ ಟಕ್ಕೆಂದು ಎರಡು ಮಾಡುತ್ತಾನೆ, ಗಿರಾಕಿಗೆ ಕಾಣುವಂತೆ. ಅರ್ಧವನ್ನು ಉಸ್ತರಾದೊಳಗೆ ಸೇರಿಸುತ್ತಾನೆ. ಮೂವತ್ತು–ನಲವತ್ತು ವರ್ಷದ ಹಿಂದೆ ಈ ದೃಶ್ಯ ಇರಲಿಲ್ಲ. ಆಗ ಗೋಡೆಗೆ ಪಟ್ಟಿ ತೂಗುತ್ತಿತ್ತು, ಕತ್ತಿ ಒಂದೇ ಇರುತ್ತಿತ್ತು, ಗಿರಾಕಿಗಳು ಬದಲಾಗುತ್ತಿದ್ದರು.

ಇದನ್ನು ಬದಲಾಯಿಸಿದ್ದು ರೋಗದ ಭಯ. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಹುಟ್ಟಿತು. ಪ್ರತಿ ಗಿರಾಕಿಗೂ ಹೊಸ ಬ್ಲೇಡು ಎಂಬ ಮಾತು ಗೋಡೆಬರಹವಾಗಿ, ರೇಡಿಯೋ ಮಾತಾಗಿ, ಕೊನೆಗೆ ಗಿರಾಕಿಯ ಬಾಯಿಮಾತಾಗಿ ಹರಡಿತು. ಹೆಪಟೈಟಿಸ್ ಬಿ ಮತ್ತು ಸಿ ಸಹ ಹಂಚಿಕೊಂಡ ಕತ್ತಿಯಿಂದ ದಾಟಬಲ್ಲವು. ಬದಲಾವಣೆ ಅಗತ್ಯವಾಗಿತ್ತು, ಒಳ್ಳೆಯದೇ ಆಯಿತು. ಬ್ಲೇಡುಗಳು ದೂರದಿಂದ ಬರಬೇಕಾಗಿಯೂ ಇರಲಿಲ್ಲ. ದಶಕಗಳ ಕಾಲ ಪಕ್ಕದ ಠಾಣೆಯಲ್ಲೇ ಸೂಪರ್-ಮ್ಯಾಕ್ಸ್ ಬ್ಲೇಡುಗಳು ತಯಾರಾಗುತ್ತಿದ್ದವು.

ಕತ್ತಿ ಹೋದಾಗ ಅದರೊಂದಿಗೆ ಒಂದು ಕೈಚಳಕವೂ ಹೋಯಿತು. ಪಟ್ಟಿಯ ಮೇಲೆ ಕತ್ತಿ ಹೊರಳಿಸುವುದು, ಕಲ್ಲಿಗೆ ಎಷ್ಟು ನೀರು ಬೇಕೆಂದು ಬೆರಳಲ್ಲಿ ತಿಳಿಯುವುದು, ಹೆಬ್ಬೆರಳ ಉಗುರಿನ ಮೇಲೆ ಅಂಚನ್ನು ಇಟ್ಟು ಹದ ನೋಡುವುದು, ಇವು ಮುಂದಿನ ತಲೆಮಾರಿನ ಕಾರಿಗರರಿಗೆ ಬೇಕಾಗಲಿಲ್ಲ. ಬಲ್ಲವರು ಈಗ ಅರವತ್ತು ದಾಟಿದವರು. ಅವರಲ್ಲಿ ಕೆಲವರು ಇನ್ನೂ ಮಗನ ಸಲೂನಿನ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿರುತ್ತಾರೆ. ಕತ್ತಿ ತರಿಸಿಕೊಂಡ ಹುಡುಗ ಇಂಗ್ಲಿಷ್ ವಿಡಿಯೋವನ್ನು ಹಿಂದೆಮುಂದೆ ಓಡಿಸುತ್ತಿರುವಾಗ ಆ ವಿದ್ಯೆ ಬಲ್ಲವರು ಅವನಿಂದ ಎರಡು ಗಲ್ಲಿ ದೂರದಲ್ಲಿ ಇರುವ ಸಾಧ್ಯತೆ ಇದೆ. ಅವರನ್ನು ಕೇಳಬೇಕೆಂದು ಅವನಿಗೆ ಹೊಳೆಯುವುದೇ ಇಲ್ಲ.

2020ರ ಲಾಕ್‌ಡೌನಿನಲ್ಲಿ ಈ ಕಸುಬಿನವರ ಬದುಕು ಹೇಗೆ ಅಲುಗಾಡಿತೆಂಬುದು ಎಲ್ಲರೂ ನೋಡಿದ್ದೇ. ಮಹಾರಾಷ್ಟ್ರದಲ್ಲಿ ಜೂನ್ 28ರಂದು ಸಲೂನುಗಳನ್ನು ತೆರೆಯಲು ಬಿಟ್ಟಾಗಲೂ ಮೊದಲಿಗೆ ಕೂದಲು ಕತ್ತರಿಸಲು ಅನುಮತಿ ಇತ್ತೇ ಹೊರತು ದಾಡಿಗೆ ಇರಲಿಲ್ಲ. ಮನೆಯಲ್ಲೇ ದಾಡಿ ಮಾಡಿಕೊಳ್ಳಲು ಕಲಿತ ಎಷ್ಟೋ ಗಿರಾಕಿಗಳು ಆ ಕುರ್ಚಿಗೆ ಮರಳಲಿಲ್ಲ. ಮನೆಯಲ್ಲಿ ಕತ್ತಿ ಹಿಡಿಯುವ ಹವ್ಯಾಸವನ್ನು ಹೊಗಳುವಾಗ ಈ ಲೆಕ್ಕದ ಇನ್ನೊಂದು ಪುಟವನ್ನೂ ತೆರೆದಿಡುವುದು ನ್ಯಾಯ.

ಹಡಪದೊಳಗಿನ ಮಾತು

ಈ ಉಪಕರಣದ ಹೆಸರುಗಳೇ ಒಂದು ಚರಿತ್ರೆ. ಮರಾಠಿಯ ವಸ್ತರಾ, ಹಿಂದಿ–ಉರ್ದುವಿನ ಉಸ್ತರಾ ಎರಡೂ ಪಾರಸಿಯಿಂದ ಬಂದವು. ಕ್ಷೌರ ಎಂಬ ಮಾತು ಸಂಸ್ಕೃತದ ಕ್ಷುರದಿಂದ. ಕ್ಷುರ ಎಂದರೆ ಈ ಕತ್ತಿಯೇ, ಗ್ರೀಕಿನ ಕ್ಸುರೋನ್ ಅದರ ದಾಯಾದಿ. ಹಜಾಮ ಅರಬ್ಬಿಯದು, ಮೂಲದಲ್ಲಿ ಅದು ಕೊಂಬು ಇಟ್ಟು ಕೆಟ್ಟ ರಕ್ತ ತೆಗೆಯುವ ವೈದ್ಯನ ಹೆಸರು. ವೈದ್ಯನ ಹೆಸರಾಗಿದ್ದ ಅದೇ ಪದ ಕನ್ನಡದಲ್ಲಿ ಬೈಗುಳವಾಗಿ ನಿಂತಿತು. ಅದನ್ನು ಹಾಗೆ ಬಳಸಬೇಡಿ ಎಂದು ಸವಿತಾ ಸಮಾಜದವರು ಕೇಳುತ್ತ ಬಂದಿದ್ದಾರೆ.

ಕನ್ನಡದ್ದೇ ಆದ ಒಂದು ಮಾತು ಹಡಪ. ಅದು ಎಲೆಅಡಿಕೆಯ ಚೀಲವೂ ಹೌದು, ಕ್ಷೌರದ ಸಾಮಾನಿನ ಚೀಲವೂ ಹೌದು. 12ನೇ ಶತಮಾನದ ಶರಣ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತರು. ಉತ್ತರ ಕರ್ನಾಟಕದಲ್ಲಿ ಕ್ಷೌರದ ಕಸುಬಿನ ಸಮುದಾಯ ಅವರ ಹೆಸರನ್ನು ತನ್ನದೆಂದು ಹೇಳಿಕೊಳ್ಳುತ್ತದೆ. ತುಳುನಾಡಿನಲ್ಲಿ ಈ ಕಸುಬಿನವರು ಭಂಡಾರಿಗಳು. ಅದೇ ಹೆಸರು ಕೊಂಕಣದಲ್ಲಿ, ಠಾಣೆಯ ಕಡೆಯಲ್ಲಿ ಸೇಂದಿ ಇಳಿಸುವ ಕಸುಬಿನ ಬೇರೆಯೇ ಸಮುದಾಯದ್ದು. ಊರಿಂದ ಬಂದ ತುಳು ಭಂಡಾರಿಯನ್ನು ಇಲ್ಲಿಯವರು ಇನ್ನೊಬ್ಬರೆಂದು ತಿಳಿಯುವುದುಂಟು. ಕಸುಬನ್ನು ಹಿಂದೆ ಬಿಡಬೇಕೆಂದು ಊರು ಬಿಟ್ಟವರಿಗೆ ಆ ಗೊಂದಲವೇ ಒಂದು ಆಸರೆಯಾಗಿದ್ದರೂ ಆಶ್ಚರ್ಯವಿಲ್ಲ.

ಹಳ್ಳಿಯಲ್ಲಿ ಈ ಕತ್ತಿಗೆ ಹಣದ ಕೂಲಿ ಇರಲಿಲ್ಲ. ಆಯಗಾರರಲ್ಲಿ ಒಬ್ಬರಾಗಿ ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ ಮಾಡುವುದು, ಸುಗ್ಗಿಯಲ್ಲಿ ಕಣದ ಬದಿ ನಿಂತು ಕಾಳು ಪಡೆಯುವುದು ಪದ್ಧತಿ. ಯಾರ ಮನೆಗೆ ಹೋಗಬೇಕು, ಯಾರ ತಲೆ ಮುಟ್ಟಬಾರದು ಎಂಬುದನ್ನು ಊರಿನ ಬಲಾಢ್ಯರು ತೀರ್ಮಾನಿಸುತ್ತಿದ್ದರು. ಡಾ. ಅಂಬೇಡ್ಕರ್ ತಮ್ಮ ಬಾಲ್ಯದ ನೆನಪುಗಳಲ್ಲಿ, ಸಾತಾರದಲ್ಲಿ ಕ್ಷೌರಿಕರು ಮುಟ್ಟದ ಕಾರಣ ಅಕ್ಕನೇ ತಮ್ಮಂದಿರ ಕೂದಲು ಕತ್ತರಿಸಬೇಕಾಗಿತ್ತೆಂದು ಬರೆದಿದ್ದಾರೆ. ಅದೆಲ್ಲ ಹಳೆಯ ಕಥೆ ಎನ್ನುವಂತಿಲ್ಲ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ ದಲಿತರ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕ ಕುಟುಂಬವೊಂದಕ್ಕೇ ಬಹಿಷ್ಕಾರ ಹಾಕಿದ್ದು ಪತ್ರಿಕೆಗಳಲ್ಲಿ ಬಂತು. ಕತ್ತಿ ಕ್ಷೌರಿಕರ ಕೈಯಲ್ಲಿತ್ತು. ಅದು ಯಾರನ್ನು ಮುಟ್ಟಬೇಕೆಂಬ ತೀರ್ಮಾನ ಮಾತ್ರ ಅವರದಾಗಿರಲಿಲ್ಲ.

ಆ ತೀರ್ಮಾನವನ್ನು ತಮ್ಮದು ಮಾಡಿಕೊಂಡ ಒಂದು ಗಳಿಗೆಯೂ ಇದೇ ಸೀಮೆಯಲ್ಲಿ ಬಂದುಹೋಗಿದೆ. 1848ರಲ್ಲಿ ಠಾಣೆಯಲ್ಲಿ ಹುಟ್ಟಿದ ನಾರಾಯಣ ಮೇಘಾಜಿ ಲೋಖಂಡೆ, ಫುಲೆಯವರ ಸತ್ಯಶೋಧಕ ಸಮಾಜದವರು. ಮುಂಬಯಿಯ ಗಿರಣಿ ಕಾರ್ಮಿಕರನ್ನು ಮೊದಲು ಸಂಘಟಿಸಿದವರು, ಭಾನುವಾರದ ರಜೆಗೆ ಹೋರಾಡಿದವರು. 1890ರಲ್ಲಿ ಅವರು ಮುಂಬಯಿಯಲ್ಲಿ ಕ್ಷೌರಿಕರನ್ನು ಸೇರಿಸಿದರು. ವಿಧವೆಯರ ತಲೆ ಬೋಳಿಸುವ ಕೆಲಸವನ್ನು ಇನ್ನು ಮಾಡುವುದಿಲ್ಲ ಎಂಬುದು ಆ ಸೇರುವಿಕೆಯ ಮಾತಾಗಿತ್ತು. ಕತ್ತಿಯ ಪರಂಪರೆ ಎಂದು ಮಾತಾಡುವವರು ವಿಲಾಯಿತಿಯ ಕ್ಲಬ್ಬುಗಳನ್ನು, ಚರ್ಮದ ಕುರ್ಚಿಗಳನ್ನು ನೆನೆಯುತ್ತಾರೆ. ಈ ಸೀಮೆಯಲ್ಲಿ ಆ ಪರಂಪರೆಯ ಹೆಮ್ಮೆಯ ದಿನವೆಂದರೆ ಕತ್ತಿಯನ್ನು ಕೆಳಗಿಟ್ಟ ಆ ದಿನ.

ಟ್ರಂಕಿನಲ್ಲಿರುವುದು

ಮೊದಲ ಪುಟದ ಹುಡುಗನ ಕಡೆಗೆ ಮರಳಬಹುದು. ಊರು ವಿಜಯಪುರದ ಕಡೆ ಎಂದಿಟ್ಟುಕೊಂಡಿದ್ದಾಯಿತು. ಅವನ ಮನೆತನವೇ ಈ ಕಸುಬಿನದಾಗಿದ್ದರೆ? ಊರಿನ ಮನೆಯ ಟ್ರಂಕಿನಲ್ಲಿ, ಹಳೆಯ ಬಟ್ಟೆಯಲ್ಲಿ ಸುತ್ತಿ, ಅಜ್ಜನ ಕತ್ತಿಯೊಂದು ಇದ್ದರೆ? ಅಪ್ಪ ಅದನ್ನು ಎಸೆಯಲೂ ಇಲ್ಲ, ತೋರಿಸಲೂ ಇಲ್ಲ. ಮಗ ಶಾಲೆಯಲ್ಲಿ ಆ ಹೆಸರಿನಿಂದ ಕರೆಸಿಕೊಳ್ಳಬಾರದೆಂದೇ ಅಪ್ಪ ಊರು ಬಿಟ್ಟಿರಬಹುದು. ಹೀಗೆ ಮುಚ್ಚಿಟ್ಟ ಕತ್ತಿಯ ಜೊತೆಗಾರ ಕತ್ತಿಗಳೇ ಹಳೆಯ ಸಾಮಾನಿನ ಮಾರಾಟಗಾರರ ಕೈಗೆ ಬಂದು ಪಾಲಿಶ್ ಮಾಡಿಸಿಕೊಂಡು ಹವ್ಯಾಸಿಗಳಿಗೆ ದುಬಾರಿ ಬೆಲೆಗೆ ಹೋಗುತ್ತವೆ. ಒಬ್ಬರ ಮನೆಯಲ್ಲಿ ನಾಚಿಕೆಯಾಗಿದ್ದದ್ದು ಇನ್ನೊಬ್ಬರ ಕಪಾಟಿನಲ್ಲಿ ಅಭಿರುಚಿಯಾಗುತ್ತದೆ.

ಹವ್ಯಾಸಕ್ಕೆ ಜಾತಿಯನ್ನು ಯಾಕೆ ತರುತ್ತೀರಿ, ಗಡ್ಡ ತೆಗೆಯುವ ಸಾಮಾನಷ್ಟೇ ಅಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಜಾತಿ ಹೊರಗಿನಿಂದ ತಂದದ್ದಲ್ಲ, ಅದು ಈ ವಸ್ತುವಿನ ಹಿಡಿಗೇ ಅಂಟಿಕೊಂಡು ಬಂದಿದೆ. ಮೇಲಾಗಿ ಇದರಲ್ಲಿ ಪ್ರಾಯೋಗಿಕ ವಿಚಾರವೂ ಇದೆ. ವಿದ್ಯೆ ಯಾರ ಹತ್ತಿರ ಇದೆಯೋ ಅವರನ್ನು ಕೀಳಾಗಿ ಕಂಡ ಸಮಾಜದಲ್ಲಿ ವಿದ್ಯೆ ಕೈದಾಟುವುದಿಲ್ಲ. ಇನ್ನು ಹತ್ತು ಹದಿನೈದು ವರ್ಷದಲ್ಲಿ ಕಲ್ಲಿನ ಮೇಲೆ ಕತ್ತಿ ಹಿಡಿದ ಕೊನೆಯ ತಲೆಮಾರಿನ ಕೈ ನಡುಗತೊಡಗುತ್ತದೆ. ಆಮೇಲೆ ಕಲಿಯಲು ವಿಡಿಯೋ ಮಾತ್ರ ಉಳಿಯುತ್ತದೆ.

ಟ್ರಂಕಿನಿಂದಲೋ ಗುಜರಿಯಿಂದಲೋ ಹಳೆಯ ಕತ್ತಿ ಸಿಕ್ಕವರು ನೋಡಬೇಕಾದದ್ದು ಇಷ್ಟು. ಬಾಯಿಯಲ್ಲಿ ಬಿರುಕಿದ್ದರೆ, ಎಷ್ಟು ಸಣ್ಣದಾಗಿದ್ದರೂ, ಅದು ಬಳಕೆಗಲ್ಲ. ಬೆನ್ನಿನ ಮೇಲಿನ ತುಕ್ಕು ಅಂದಗೆಡಿಸುತ್ತದೆ ಅಷ್ಟೇ. ಬಾಯಿಯ ಅಂಚಿನ ಗುಳಿತುಕ್ಕು ಮಸೆದಷ್ಟೂ ಒಳಗೆ ಹೋಗುತ್ತದೆ. ಬೆನ್ನು ಒಂದೇ ಕಡೆ ಅಗಲವಾಗಿ ಸವೆದಿದ್ದರೆ ಹಿಂದಿನವರು ಓರೆಯಾಗಿ ಮಸೆದಿದ್ದಾರೆಂದು ಅರ್ಥ, ಕೋನ ಕೆಟ್ಟಿರುತ್ತದೆ. ಚಪ್ಪಟೆ ಗಾಜಿನ ಮೇಲೆ ಮಲಗಿಸಿದರೆ ಅಲುಗಬಾರದು. ಮಡಚಿದಾಗ ಅಲಗು ಹಿಡಿಯ ನಡುವೆ ಕೂರಬೇಕು, ಒಂದು ಬದಿಗೆ ಉಜ್ಜಬಾರದು. ಮೊಳೆ ಸಡಿಲವಾಗಿದ್ದರೆ ಬಿಗಿ ಮಾಡಿಸಬಹುದು, ಹಿಡಿ ಒಡೆದಿದ್ದರೆ ಬದಲಾಯಿಸಬಹುದು. ಅಲಗು ಸರಿಯಿದ್ದರೆ ಉಳಿದದ್ದೆಲ್ಲ ರಿಪೇರಿ. ಒಬ್ಬರ ಕತ್ತಿ ಒಬ್ಬರಿಗೇ ಎಂಬ ನಿಯಮಕ್ಕೆ ಮಾತ್ರ ವಿನಾಯಿತಿ ಇಲ್ಲ. ಹಳೆಯದನ್ನು ಚೆನ್ನಾಗಿ ತೊಳೆದು, ಸೋಂಕು ನಿವಾರಕದಲ್ಲಿ ನೆನೆಸಿ, ಹೊಸದಾಗಿ ಮಸೆಸಿ, ಆಮೇಲೆ ಮುಖಕ್ಕೆ.

ಮಸೆಸುವುದಕ್ಕೆ, ಕಲಿಯುವುದಕ್ಕೆ ಸಲೂನಿನ ಬೆಂಚಿನ ಮೇಲೆ ಕೂತಿರುವ ಆ ಹಿರಿಯರ ಹತ್ತಿರ ಹೋಗಬೇಕು. ಹೋಗುವ ರೀತಿಯಲ್ಲಿ ಎಲ್ಲ ಇದೆ. ಭಿವಂಡಿಯಲ್ಲಿ ಅವರು ಉತ್ತರ ಪ್ರದೇಶದ ಚಾಚಾ ಆಗಿರಬಹುದು, ಮರಾಠಿ ಕಾಕಾ ಆಗಿರಬಹುದು, ತೆಲುಗಿನ ತಾತ ಆಗಿರಬಹುದು. ಡೊಂಬಿವಲಿಯ ಕಡೆ ಹುಡುಕಿದರೆ ತುಳು ಅಜ್ಜ ಒಬ್ಬರು ಸಿಕ್ಕರೂ ಸಿಕ್ಕರು. ಹಳೇ ಕಾಲದ ಮೋಜಿಗೆ ಬಂದವನಂತೆ ಫೋಟೋ ತೆಗೆಯುತ್ತ ನಿಲ್ಲಬಾರದು. ಇದನ್ನು ಮಸೆಯುವುದು ಕಲಿಯಬೇಕು, ನಿಮ್ಮ ಸಮಯಕ್ಕೆ ಇಷ್ಟು ಕೊಡುತ್ತೇನೆ ಎಂದು ಮೊದಲೇ ಹೇಳಬೇಕು. ಗಿಟಾರ್ ಕಲಿಸುವವರಿಗೆ, ಇಂಗ್ಲಿಷ್ ಕಲಿಸುವವರಿಗೆ ಗಂಟೆಗಿಷ್ಟು ಎಂದು ಎಣಿಸಿಕೊಡುವವರು ಇಲ್ಲಿ ಚಹಾ ಕೊಡಿಸಿ ಮುಗಿಸುವುದು ಆಯದ ಕಾಳಿಗಿಂತ ಕಡಿಮೆ ಮರ್ಯಾದೆ. ಅವರು ಒಲ್ಲೆ ಎಂದರೆ ಒಲ್ಲೆ. ಮರೆಯಬೇಕೆಂದು ಬಿಟ್ಟದ್ದನ್ನು ಮತ್ತೆ ಹಿಡಿಯಬೇಕೆಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಬೇಡ ಎನ್ನುವ ಹಕ್ಕನ್ನು ಅವರ ಹಿಂದಿನವರು 1890ರಲ್ಲೇ ಗಳಿಸಿಕೊಂಡಿದ್ದಾರೆ.

ಒಪ್ಪಿದರೆ ಅರ್ಧ ಗಂಟೆಯಲ್ಲಿ ಮೊದಲ ಪಾಠ ಮುಗಿಯುತ್ತದೆ. ಕತ್ತಿಯನ್ನು ಕೈಗೆ ತೆಗೆದುಕೊಂಡ ಹಿರಿಯರು ಹಿಡಿಯನ್ನು ನೋಡುವುದಿಲ್ಲ, ಕಂಪನಿಯ ಹೆಸರನ್ನೂ ಓದುವುದಿಲ್ಲ. ಬಾಯಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಅಂಚಿನಲ್ಲಿ ಬೆಳಕು ಮಿಂಚಿದರೆ ಅಲ್ಲಿ ಮೊಂಡು, ಏನೂ ಕಾಣದಿದ್ದರೆ ಹರಿತ. ಅಷ್ಟನ್ನು ಕಣ್ಣಾರೆ ಕಂಡು ಬಂದವರಿಗೆ ಆಮೇಲೆ ಯಾವ ಕತ್ತಿ ಕೊಳ್ಳಬೇಕೆಂದು ಯಾರೂ ಹೇಳಬೇಕಾಗುವುದಿಲ್ಲ.